ರೈಲಿನ ಮಡಿಕೆಯಲ್ಲೊಂದು ಹೆಸರು

ಪಾಸಾಯ್‌ನ ಲಿಬರ್ತಾದ್ ಓಣಿಯಲ್ಲಿ, ಬಾಡಿಗೆಗೆ ಜನ ಹೊರುವ ಉದ್ದನೆಯ ಜೀಪುಗಳಾದ ಜೀಪ್ನಿಗಳಿಗೆ ಸೀಟು, ಮಳೆಪರದೆ ಹೊಲಿದುಕೊಂಡಿದ್ದ ಕಾರ್ಪೊನನ್ನು ಸುಳ್ಳುಗಾರ ಎನ್ನುವುದು ಸರಿಯಲ್ಲ. ಅವನ ಬಾಯಿಂದ ಹೊರಡುವಾಗ ಮಾತು ಸರಿಯಾದ ಅಳತೆಯಲ್ಲೇ ಇರುತ್ತಿತ್ತು. ಓಣಿಯ ತುದಿಯಲ್ಲಿದ್ದ ಅಲಿಂಗ್ ಪಿಲಾಂಗಳ ಅಂಗಡಿ ಮುಟ್ಟುವಷ್ಟರಲ್ಲಿ ಅದು ಒಂದು ಗೇಣು ಬೆಳೆದಿರುತ್ತಿತ್ತು. ರೆಕ್ಸಿನ್ ಹೆಚ್ಚಾದರೆ ಕತ್ತರಿಸಿ ಎಸೆಯುತ್ತಿದ್ದ ಕಾರ್ಪೊ, ಮಾತು ಹೆಚ್ಚಾದಾಗ ಮಾತ್ರ ಕತ್ತರಿ ಹುಡುಕಲು ಹೋಗುತ್ತಿರಲಿಲ್ಲ. ದೋಷ ಎಂದರೆ ಅಷ್ಟೇ.

ಇನ್ನೊಂದು ಅಭ್ಯಾಸವಿತ್ತು. ಅದು ಅವನೊಬ್ಬನದಲ್ಲ, ಇಡೀ ಕಸುಬಿನದು. ಜೀಪ್ನಿ ಎಂದ ಮೇಲೆ ಅದರ ಮೈಮೇಲೆ ಹೆಸರಿಲ್ಲದ ಜಾಗವೇ ಇರುವುದಿಲ್ಲ. ಹಣೆಯ ಮೇಲೆ ಮಾಲೀಕನ ಹುಟ್ಟೂರು, ಪಕ್ಕೆಯಲ್ಲಿ ಮಕ್ಕಳ ಹೆಸರು, ಬೆನ್ನಿಗೆ ಸೌದಿಯಲ್ಲಿ ದುಡಿದು ಹಣ ಕಳಿಸಿದ ಅಣ್ಣನಿಗೆ ವಂದನೆ, ಮಡ್‌ಗಾರ್ಡಿನ ಮೇಲೆ ಬಣ್ಣ ಬಳಿದವನ ರುಜು. ಹಾಗೆಯೇ ಕಾರ್ಪೊ ಕೂಡ ಪ್ರತಿ ಸೀಟಿನ ಕೊನೆಯ ಹೊಲಿಗೆ ಮುಗಿದ ಮೇಲೆ ಕೆಂಪು ದಾರ ಪೋಣಿಸಿ 'ಕಾರ್ಪೊ, ಲುಮಿಂಗ್, ಲಿಬರ್ತಾದ್' ಎಂದು ಹೊಲಿಯುತ್ತಿದ್ದ. ಲುಮಿಂಗ್ ಅವನ ಹೆಂಡತಿ. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಆ ಮೂರು ಮಾತನ್ನು ಹೊಲಿದು ಹೊಲಿದು ಅದಕ್ಕೀಗ ತಲೆಯ ಸಹಾಯ ಬೇಕಾಗಿರಲಿಲ್ಲ; ಕೈ ತಾನಾಗಿ ಮುಗಿಸಿಬಿಡುತ್ತಿತ್ತು.

ಟಾಫ್ಟ್ ಬೀದಿಯ ಉದ್ದಕ್ಕೂ ಕಂಬ ನಿಲ್ಲಿಸಿ, ಕಂಬದ ಮೇಲೆ ಹಳಿ ಹಾಸಿ, ಮೇಲಿನ ರೈಲು ಓಡಲು ಶುರುವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅದು ತಲೆಯ ಮೇಲೆ ಹಾದುಹೋಗುವಾಗ ಓಣಿಯವರು ಅರ್ಧ ಆಡಿದ ಮಾತನ್ನು ಅಲ್ಲೇ ಬಿಟ್ಟು ಕತ್ತೆತ್ತುತ್ತಿದ್ದರು. ಅಲಿಂಗ್ ಪಿಲಾಂಗ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಒಂದೊಂದು ಬೋಗಿಯೂ ಮೂರು ತುಂಡು. ತುಂಡಿಗೂ ತುಂಡಿಗೂ ನಡುವೆ ಕಮ್ಮಾರನ ತಿದಿಯಂಥ ಕಪ್ಪು ಮಡಿಕೆಗಳು. ತಿರುವು ಬಂದಲ್ಲಿ ಆ ಮಡಿಕೆಯಿರುವ ಕೀಲಿನಲ್ಲಿ ಬೋಗಿ ಬಾಗುತ್ತದೆ, ಒಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ ಎಂದು ಹೋಗಿಬಂದವರು ಹೇಳುತ್ತಿದ್ದರು. ಹೇಳುವಾಗ ಯಾಕೋ ಎಲ್ಲರೂ ದನಿ ತಗ್ಗಿಸುತ್ತಿದ್ದರು.

ಒಂದು ಬೆಳಿಗ್ಗೆ ರೈಲಿನ ಡಿಪೋದಲ್ಲಿ ಕಾವಲಿಗಿದ್ದ ಗಾವಿನೊ ಬಂದು ಅಂಗಡಿಯ ಮುಂದೆ ನಿಂತ. ಕಾರ್ಪೊನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಇಬ್ಬರೂ ಒಬ್ಬರನ್ನೊಬ್ಬರು 'ಪಾರೆ' ಎಂದು ಕರೆದುಕೊಳ್ಳುವ ಸಲುಗೆ.

"ಪಾರೆ, ದಬ್ಬಳ ತಗೊ. ನಡಿ," ಎಂದ ಗಾವಿನೊ.

"ಯಾರ ಜೀಪು?"

"ಜೀಪಲ್ಲ. ರೈಲು."

ಯಾರೋ ಏಣಿ ಎಳೆಯುವಾಗ ಒಂದು ಬೋಗಿಯ ತಿದಿಗೆ ತಾಗಿ ಒಂದು ಗೇಣು ಹರಿದಿತ್ತು. ಹೊಸದು ಹಡಗಿನಲ್ಲಿ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ. ಅಷ್ಟು ದಪ್ಪ ರಬ್ಬರಿನ ಬಟ್ಟೆಗೆ ಸೂಜಿ ಹಾಕಬಲ್ಲವರು ಯಾರಿದ್ದಾರೆ ಎಂದು ಎಂಜಿನಿಯರು ಕೇಳಿದಾಗ ಗಾವಿನೊ ತನ್ನ ಪಾರೆಯ ಹೆಸರು ಹೇಳಿದ್ದ.

ಡಿಪೋದ ಶೆಡ್ಡಿನೊಳಗೆ ಬೋಗಿ ಒಂದೇ ನಿಂತಿತ್ತು. ಬೀದಿಯಿಂದ ನೋಡಿದಾಗ ಕಾಣುತ್ತಿದ್ದುದು ಅದರ ಹೊಟ್ಟೆ ಮಾತ್ರ. ಪೂರ್ತಿ ಮೈಯನ್ನು ಕಾರ್ಪೊ ನೋಡಿದ್ದು ಇದೇ ಮೊದಲು. ಇಗರ್ಜಿಯ ಬಾಗಿಲಲ್ಲಿ ಟೋಪಿ ತೆಗೆಯುವ ಕೈ ಇಲ್ಲೂ ತೆಗೆಯಿತು. ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೀಲಿನ ಜಾಗದಲ್ಲಿ ನಿಂತ. ಕಾಲಕೆಳಗೆ ದುಂಡನೆಯ ಉಕ್ಕಿನ ತಟ್ಟೆ, ರೊಟ್ಟಿ ಬೇಯಿಸುವ ಕಾವಲಿಯ ಹಾಗೆ ನುಣುಪು. ಎರಡೂ ಪಕ್ಕದಲ್ಲಿ ನೆಲದಿಂದ ಸೂರಿನ ತನಕ ಕಪ್ಪು ಮಡಿಕೆಗಳು, ಒಂದರ ಬೆನ್ನಿಗೆ ಒಂದು, ಹೊಲಿಗೆ ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದಷ್ಟು ಸೊಗಸಾಗಿ. ಮೂವತ್ತು ವರ್ಷ ಹೊಲಿದವನು ಇನ್ನೊಬ್ಬನ ಹೊಲಿಗೆ ನೋಡಿ ಬಾಯಿ ಮುಚ್ಚಿ ನಿಂತದ್ದು ಅದೇ ಮೊದಲು. ಬೆರಳಿನಿಂದ ಒಂದು ಮಡಿಕೆಯನ್ನು ಸವರಿದ. ಯಾರ ಕೈಯದೋ. ಹೆಸರು ಹಾಕಿರಲಿಲ್ಲ.

ಎಂಜಿನಿಯರು ಪನ್ಲಿಲಿಯೊ ತೆಳ್ಳಗೆ, ಬೆಳ್ಳಗೆ, ಜೇಬಿನಲ್ಲಿ ನಾಲ್ಕು ಪೆನ್ನು ಇಟ್ಟುಕೊಂಡಿದ್ದ ಮನುಷ್ಯ. "ಒಂದು ತೊಟ್ಟು ನೀರು ಒಳಗೆ ಬರಬಾರದು, ಮಾಂಗ್ ಕಾರ್ಪೊ," ಎಂದಷ್ಟೇ ಹೇಳಿ ಹೋದ.

ಮರದ ಬೆಣೆ ಕೊಟ್ಟು ಮಡಿಕೆಗಳನ್ನು ಬಿಡಿಸಿ ಹಿಡಿದು, ಮೇಣದ ದಾರದಲ್ಲಿ ಜೋಡಿಹೊಲಿಗೆ ಹಾಕಿ, ಅಂಟು ಸವರಿ, ಕಾರ್ಪೊ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿದ. ಎಂಜಿನಿಯರು ಪೈಪಿನಿಂದ ನೀರು ಬಿಡಿಸಿದ. ಒಳಗೆ ಬರಲಿಲ್ಲ. ಬೆಣೆ ತೆಗೆದಾಗ ಮಡಿಕೆಗಳು ಮುಚ್ಚಿಕೊಂಡು ಹರಿದದ್ದೂ ಹೊಲಿದದ್ದೂ ಯಾವುದೂ ಕಾಣದ ಹಾಗಾಯಿತು. "ಅಚ್ಚುಕಟ್ಟು," ಎಂದು ಎಂಜಿನಿಯರು ಕಾಗದಕ್ಕೆ ರುಜು ಹಾಕಿದ.

ಮನೆಗೆ ಬಂದು ಅನ್ನ, ಒಣಮೀನು ಮುಂದಿಟ್ಟುಕೊಂಡು ಕೂತಾಗ ಲುಮಿಂಗ್ ಎಂದಿನ ಹಾಗೆ ಕೇಳಿದಳು: "ಹೆಸರು ಹಾಕಿದ್ಯಾ?"

"ಹಾಕದೆ ಏನು?" ಎಂದ ಕಾರ್ಪೊ ಎಂದಿನ ಹಾಗೆ. ತುತ್ತು ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಜೇಬು ಮುಟ್ಟಿ ನೋಡಿಕೊಂಡ. ಕೆಂಪು ದಾರದ ಉಂಡೆ ಬೆಳಿಗ್ಗೆ ಇದ್ದದ್ದಕ್ಕಿಂತ ಸಣ್ಣದಾಗಿತ್ತು.

ಸರ್ಕಾರದ ರೈಲಿನ ಮೇಲೆ ಹೆಸರು ಹಾಕಿದ್ದಕ್ಕೆ ಮೊದಲು ಅವನಿಗೆ ಭಯವಾಗಬೇಕಿತ್ತು. ಆದರೆ ಅದಕ್ಕೆ ಮುಂಚೆಯೇ ಹೆಮ್ಮೆ ಬಂದು ಕೂತುಬಿಟ್ಟಿತು. ಟಾಫ್ಟ್ ಬೀದಿಯ ಮೇಲೆ ದಿನವಿಡೀ ತಮ್ಮ ಹೆಸರು ಹೋಗಿಬರುತ್ತದೆ ಎಂದು ಹೆಂಡತಿಗೆ ಹೇಳಿದ. ಸಂಜೆ ಅಲಿಂಗ್ ಪಿಲಾಂಗಳ ಅಂಗಡಿಯಲ್ಲಿ ರೈಲಿನ ಹರಿದ ಜಾಗ ಹೊಲಿದೆ ಎಂದ. ಮಾರನೆಯ ಬೆಳಿಗ್ಗೆ ಅದು ರೈಲಿನ ಕೀಲು ಹೊಲಿದದ್ದಾಯಿತು. ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ, ಮೂರು ತುಂಡಾಗಿ ಬಿದ್ದಿದ್ದ ರೈಲನ್ನು ಒಂದು ಮಾಡಿದವನು ಲಿಬರ್ತಾದಿನ ಕಾರ್ಪೊ ಎಂದು ಓಣಿಯ ಆಚೆಯವರೂ ಅನ್ನುತ್ತಿದ್ದರು.

"ಇವನು ಹೊಲಿದುಕೊಟ್ಟ ಪರದೆ ಎರಡೇ ಮಳೆಗೆ ಬಿಚ್ಕೊಂಡಿತಲ್ಲ ಮಾರಾಯ," ಎಂದು ಒಬ್ಬ ಜೀಪ್ನಿಯವನು ಯೋಚನೆಗೆ ಬಿದ್ದ. "ನಾನಂತೂ ಇನ್ನು ರೈಲು ಹತ್ತಲ್ಲ."

ಇಷ್ಟು ಹೊತ್ತಿಗೆ ಲುಮಿಂಗಳ ಅಪ್ಪ ಉಸ್ತಿಂಗ್ ಬತಾಂಗಾಸಿನ ಹಳ್ಳಿಯಿಂದ ಬುಧವಾರದ ನೊವೆನಾ ಪ್ರಾರ್ಥನೆಗೆಂದು ಬಂದಿಳಿದ. ಹೆಗಲ ಮೇಲೆ ಕಾಫಿಬೀಜದ ಚೀಲ, ಎಪ್ಪತ್ತರ ವಯಸ್ಸಿಗೂ ನೆಟ್ಟಗಿನ ಬೆನ್ನು. ಅಳಿಯನ ಮಾತನ್ನು ಅವನು ನಂಬದೆ ಇಪ್ಪತ್ತೆರಡು ವರ್ಷವಾಗಿತ್ತು. ಹೆಣ್ಣು ಕೇಳಿದ ಗಂಡು ಹೆಣ್ಣಿನ ಮನೆಯಲ್ಲಿ ನೀರು ಹೊತ್ತು, ಸೌದೆ ಸೀಳಿ, ತಾನು ಯೋಗ್ಯ ಎಂದು ತೋರಿಸಬೇಕಲ್ಲ. ಆಗ ಕಾರ್ಪೊ ಒಂದು ದಿನ ಇಡೀ ಸೌದೆಯ ರಾಶಿಯನ್ನು ಒಬ್ಬನೇ ಸೀಳಿದೆ ಎಂದಿದ್ದ. ನಿಜವಾಗಿ ಮೂರು ಜನ ಗೆಳೆಯರು ಬಂದು ಸೀಳಿ ಹೋಗಿದ್ದರು. ಉಸ್ತಿಂಗ್ ಅದನ್ನು ಕಬ್ಬಿನ ಗದ್ದೆಯ ಬದುವಿನಿಂದ ನೋಡುತ್ತ ನಿಂತಿದ್ದ. ಮಗಳ ಮುಖ ನೋಡಿ ಮದುವೆ ಮಾಡಿಕೊಟ್ಟ. ಅಳಿಯನ ಮಾತಿಗೆ ಮಾತ್ರ ಕಿವಿ ಕೊಡುವುದನ್ನು ಅಂದೇ ನಿಲ್ಲಿಸಿದ.

"ತಾತಾಯ್," ಎಂದು ಲುಮಿಂಗ್ ಅಪ್ಪನಿಗೆ ಕಾಫಿ ಕೊಡುತ್ತ ಹೇಳಿದಳು, "ಈ ಸಲದ್ದು ನಿಜ. ರೈಲಿನ ಕೀಲಿನಲ್ಲಿ ನಿಂತು ಹೊಲಿದಿದಾನೆ. ನನ್ನ ಹೆಸರೂ ಅಲ್ಲಿದೆ."

ಉಸ್ತಿಂಗ್ ಕಾಫಿಯನ್ನು ಊದಿ ಊದಿ ಕುಡಿದ. ಅವನು ರೈಲು ಕಾಣದವನಲ್ಲ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಪುಟ್ಟ ರೈಲಿನಲ್ಲಿ ಹದಿನೆಂಟು ವರ್ಷ ಬ್ರೇಕು ಹಿಡಿದಿದ್ದ.

"ಎರಡು ಬೋಗಿ ನಡುವೆ ಇರೋದು ಕೊಂಡಿ," ಎಂದ ಕೊನೆಗೆ. "ಕೊಂಡಿ ಸುತ್ತ ಗಾಳಿ. ಅಲ್ಲಿ ಮನುಷ್ಯ ನಿಲ್ಲಲ್ಲ. ನನ್ನ ಚಿಕ್ಕಪ್ಪನ ಮಗ ಒಂದ್ಸಲ ನಿಂತಿದ್ದ, ಅವನ ಎಡಗಾಲನ್ನ ನಾವು ಬೇರೆಯಾಗಿ ಮಣ್ಣು ಮಾಡಿದ್ವಿ."

"ಇದು ಹಂಗಲ್ಲ ತಾತಾಯ್, ಇಲ್ಲಿ ಜನ ನಿಂತ್ಕೊಂಡು ಪೇಪರ್ ಓದ್ತಾರೆ," ಎಂದ ಕಾರ್ಪೊ.

ಮಾವ ಮಗಳ ಕಡೆ ತಿರುಗಿ, "ಕಾಫಿ ಚೆನ್ನಾಗಿದೆ," ಎಂದ.

ಲುಮಿಂಗ್ ಗಂಡನನ್ನು ಹಿತ್ತಲಿಗೆ ಕರೆದಳು. "ನೋಡು, ಇಷ್ಟು ವರ್ಷ ನಿನ್ನ ಮಾತಿಗೆ ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಮೊದಲನೇ ಸಲ ಅಪ್ಪನ ಮುಂದೆ ನಿನ್ನ ಪರವಾಗಿ ಬಾಯಿ ಬಿಟ್ಟಿದೀನಿ. ಇದೂ ಗಾಳಿಮಾತಾದ್ರೆ ನಾನು ಅಪ್ಪನ ಮುಂದೆ ಮುಖ ಎತ್ತೋ ಹಾಗಿಲ್ಲ. ತೋರಿಸು."

ಬುಧವಾರ ಪ್ರಾರ್ಥನೆ ಮುಗಿಸಿ ಗುಂಪು ಲಿಬರ್ತಾದ್ ನಿಲ್ದಾಣದ ಮೆಟ್ಟಿಲು ಹತ್ತಿತು. ಗಂಡ ಹೆಂಡಿರು, ಉಸ್ತಿಂಗ್, ಅಂಗಡಿಗೆ ಬೀಗ ಹಾಕಿದ ಅಲಿಂಗ್ ಪಿಲಾಂಗ್. ಇಂಥ ಕೆಲಸಕ್ಕೆ ಊರ ಮುಖ್ಯಸ್ಥ ಇಲ್ಲದಿದ್ದರೆ ಹೇಗೆ ಎಂದು ಓಣಿಯ ಕಪಿತಾನ್ ಎಲ್ಪಿದಿಯೊ ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ. ಟೋಕನ್ನು ಹಾಕಿದರೆ ತಿರುಗಿ ದಾರಿ ಬಿಡುವ ಕಬ್ಬಿಣದ ಕೈಗೆ ಕಪಿತಾನ್ ತಲೆಬಾಗಿಸಿ ವಂದಿಸಿದ. ಉಸ್ತಿಂಗ್ ಮೇಲೆ ಬಂದು ನಿಂತು ಕೆಳಗೆ ನೋಡಿದ. ಮನೆಗಳ ತಗಡಿನ ಸೂರು, ಸೂರಿನ ಮೇಲೆ ಒಣಹಾಕಿದ ಬಟ್ಟೆ, ಅದರ ಕೆಳಗೆ ಇರುವೆಸಾಲಿನ ಹಾಗೆ ಜೀಪ್ನಿ. ಇಷ್ಟು ಎತ್ತರದಲ್ಲಿ ಅವನು ನಿಂತದ್ದು ತೆಂಗಿನ ಮರದಲ್ಲಿ ಮಾತ್ರ.

"ಯಾವ ರೈಲು?" ಎಂದ.

"ನಲವತ್ತೇಳು," ಎಂದ ಕಾರ್ಪೊ. "ನಂಬರು ಮರೀತೀನಾ?"

ರೈಲು ಬಂತು, ಅದಲ್ಲ. ಇನ್ನೊಂದು ಬಂತು, ಅದೂ ಅಲ್ಲ. ಹನ್ನೊಂದು ರೈಲು ಹತ್ತದೆ ಬಿಟ್ಟು ಐದು ಜನ ಬೆಂಚಿನ ಮೇಲೆ ಕೂತದ್ದನ್ನು ನೋಡಿ ನಿಲ್ದಾಣದ ಗಾರ್ಡು ಹತ್ತಿರ ಬಂದ.

"ಯಾರಿಗೆ ಕಾಯ್ತಿದೀರಿ?"

ಕಪಿತಾನ್ ಎದ್ದು ನಿಂತು ಅಂಗಿ ಎಳೆದುಕೊಂಡ. "ನಲವತ್ತೇಳನೇ ನಂಬರಿನ ರೈಲಿನ ಒಳಗೆ ನಮ್ಮ ಓಣಿಯ ಇವರ ಹೆಸರಿದೆ. ಅದರ ತಪಾಸಣೆಗೆ ಬಂದಿದೀವಿ."

ಗಾರ್ಡು ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡ. ಗೌರವ ತೋರಿಸುತ್ತಿದ್ದಾನೆಂದು ಕಪಿತಾನ್ ತನ್ನ ಹೆಸರನ್ನೂ ಬಿಡಿಸಿ ಹೇಳಿದ.

ಕೊನೆಗೆ ನಲವತ್ತೇಳು ಬಂತು. ಒಳಗೆ ಹೋದದ್ದೇ ಕಾರ್ಪೊ ತಾನು ಹೊಲಿದ ಕೀಲಿಗೆ ಓಡಿ ಉಕ್ಕಿನ ತಟ್ಟೆಯ ಮೇಲೆ ನಿಂತು, "ಬನ್ನಿ ತಾತಾಯ್," ಎಂದು ಕೈ ಚಾಚಿದ. ಉಸ್ತಿಂಗ್ ಆರು ಹೆಜ್ಜೆ ಹಿಂದೆಯೇ ಕಂಬ ತಬ್ಬಿ ನಿಂತುಬಿಟ್ಟ. ಕೀಲಿನ ಜಾಗದಲ್ಲಿ ಬಿಳಿ ನಿಲುವಂಗಿಯ ಸನ್ಯಾಸಿನಿಯೊಬ್ಬಳು ಜಪಮಾಲೆ ಎಣಿಸುತ್ತ ನಿಂತಿದ್ದಳು. ಅವಳ ಕಾಲಕೆಳಗೆ ತಟ್ಟೆ ಅಷ್ಟಷ್ಟೇ ಮಿಸುಕುತ್ತಿತ್ತು. ಉಸ್ತಿಂಗನ ಮುಖ ಬೆವರಿತು.

"ಆ ತಾಯಿಗೆ ಯಾರಾದ್ರೂ ಹೇಳ್ರೋ," ಎಂದ. "ಕೊಂಡಿ ಮೇಲೆ ನಿಂತಿದಾರೆ."

ಸನ್ಯಾಸಿನಿ ಅವನತ್ತ ಮುಗುಳ್ನಕ್ಕು ಮುಂದಿನ ಮಣಿಗೆ ಹೋದಳು.

ಕಾರ್ಪೊ ಮಡಿಕೆಗಳನ್ನು ನೋಡಿದ. ಎಲ್ಲ ಬಿಗಿಯಾಗಿ ಮುಚ್ಚಿದ್ದವು. ಕಪ್ಪು ಬಿಟ್ಟರೆ ಏನಿಲ್ಲ. ಮೂರನೆಯದೋ ನಾಲ್ಕನೆಯದೋ? ಬಲಕ್ಕೋ ಎಡಕ್ಕೋ? ಟಾಫ್ಟ್ ಬೀದಿ ದಾರ ಹಿಡಿದು ಗೆರೆ ಎಳೆದಷ್ಟು ನೇರ. ರೈಲೂ ಹಾಗೆಯೇ ಓಡುತ್ತಿತ್ತು.

"ಎಲ್ಲಪ್ಪಾ?" ಎಂದಳು ಪಿಲಾಂಗ್.

"ಇಲ್ಲೇ ಒಳಗಿದೆ."

"ನನ್ನ ಗಂಡ ಕುಡಿಯೋದು ಬಿಟ್ಟಿದೀನಿ ಅಂತಾನಲ್ಲ, ಅದೂ ಹಿಂಗೇ ಒಳಗೆಲ್ಲೋ ಇದೆ."

ಕಾರ್ಪೊ ಎರಡು ಮಡಿಕೆಗಳ ನಡುವೆ ಬೆರಳು ತೂರಿಸಿ ಬಿಡಿಸಲು ನೋಡಿದ. ಬೆಣೆಯಿಲ್ಲದೆ ಅದು ಬಗ್ಗಲಿಲ್ಲ. ಭುಜ ಕೊಟ್ಟ. ಕಪಿತಾನ್ ಇಸ್ತ್ರಿಯ ಅಂಗಿಯ ತೋಳು ಮಡಚಿ ತಾನೂ ಕೈ ಹಾಕಿದ. ಆಗ ಸೀಟಿ ಕೇಳಿಸಿತು. ಆ ಗಾರ್ಡು ಹಿಂದೆಯೇ ಹತ್ತಿಕೊಂಡಿದ್ದ. ಸರ್ಕಾರದ ರೈಲನ್ನು ಕೈಯಿಂದ ಹರಿಯಲು ನೋಡಿದ ಐದು ಜನರನ್ನು ಮುಂದಿನ ನಿಲ್ದಾಣದಲ್ಲೇ ಇಳಿಸಲಾಯಿತು.

ಸುಡುಬಿಸಿಲಿನಲ್ಲಿ ನಡೆದು ಬರುವಾಗ ಉಸ್ತಿಂಗ್ ಎಲ್ಲರಿಗಿಂತ ಮುಂದೆ ನಡೆದ. ಲುಮಿಂಗ್ ಅವನಿಗಿಂತ ಎರಡು ಹೆಜ್ಜೆ ಹಿಂದೆ, ನೆಲ ನೋಡುತ್ತ ಬಂದಳು. ಕಾರ್ಪೊ ಏನಾದರೂ ಹೇಳೋಣವೆಂದು ಮೂರು ಸಲ ಬಾಯಿ ತೆರೆದ. ಪ್ರತಿ ಸಲವೂ ಹೆಂಡತಿಯ ಬಾಗಿದ ಕತ್ತು ಕಂಡು ಮುಚ್ಚಿದ.

ಶುಕ್ರವಾರ ಮಧ್ಯಾಹ್ನ ಎಂಜಿನಿಯರು ಪನ್ಲಿಲಿಯೊ ಓಣಿಗೇ ಬಂದ. ಕೈಯಲ್ಲಿ ಗಾರ್ಡಿನ ವರದಿ. 'ಒಬ್ಬ ವ್ಯಕ್ತಿ ರೈಲಿನಲ್ಲಿ ತನ್ನ ಹೆಸರಿದೆಯೆಂದು ಹೇಳಿಕೊಂಡು ಗುಂಪು ಕಟ್ಟಿಕೊಂಡು ತಿರುಗುತ್ತಿದ್ದಾನೆ' ಎಂದು ಅದರಲ್ಲಿತ್ತು. ಎಂಜಿನಿಯರನ ಮುಖ ಮೊದಲಿಗಿಂತ ಬೆಳ್ಳಗಾಗಿತ್ತು. ಏಕೆಂದರೆ ಕೆಲಸ ಅಚ್ಚುಕಟ್ಟು ಎಂದು ರುಜು ಹಾಕಿದವನು ಅವನೇ. ಗಾವಿನೊ ಅವನ ಹಿಂದೆ ನಿಂತು, ಏನೂ ಹೇಳಬೇಡ ಎಂದು ಪಾರೆಗೆ ಹುಬ್ಬಿನಲ್ಲೇ ಸನ್ನೆ ಮಾಡುತ್ತಿದ್ದ. ಓಣಿಯೆಲ್ಲ ನೆರೆಯಿತು.

"ಮಾಂಗ್ ಕಾರ್ಪೊ, ಸರ್ಕಾರದ ಆಸ್ತಿ ಮೇಲೆ ಹೆಸರು ಬರೆಯೋದು ಅಪರಾಧ," ಎಂದ ಎಂಜಿನಿಯರು. "ಜೈಲಿಗೂ ಹೋಗಬೇಕಾಗುತ್ತೆ. ನನ್ನ ಕೆಲಸಾನೂ ಹೋಗುತ್ತೆ. ನೀವು ಹಂಗೆಲ್ಲ ಮಾಡೋ ಮನುಷ್ಯ ಅಲ್ಲ ಅಂತ ನನಗೆ ಗೊತ್ತು. ಹೆಸರು ಹಾಕಿಲ್ಲ, ಸುಮ್ನೆ ಹೇಳಿದೆ ಅಂತ ಇಲ್ಲೊಂದು ಸಾಲು ಬರೆದುಕೊಡಿ. ನಾನು ಹೋಗ್ತೀನಿ."

ಜೈಲು ಎಂದದ್ದೇ ತಡ, ಎರಡು ದಿನದಿಂದ ಕಾರ್ಪೊನನ್ನು ಗೇಲಿ ಮಾಡುತ್ತಿದ್ದ ಓಣಿ ಒಗ್ಗಟ್ಟಾಗಿ ಅವನ ನೆರವಿಗೆ ಬಂತು.

"ಸಾರ್, ಇವನು ಹುಟ್ಟಾ ಸುಳ್ಳುಗಾರ," ಎಂದಳು ಪಿಲಾಂಗ್, ಕಣ್ಣಲ್ಲಿ ನೀರು ತಂದುಕೊಂಡು. "ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

"ಓಣಿಯ ಮುಖ್ಯಸ್ಥನಾಗಿ ನಾನೂ ದೃಢೀಕರಿಸ್ತೀನಿ," ಎಂದ ಕಪಿತಾನ್. "ಇವರು ಈ ತನಕ ಹೇಳಿದ ಯಾವ ಮಾತೂ ನಿಜ ಆದದ್ದು ನಮ್ಮ ಕಚೇರಿಯ ಗಮನಕ್ಕೆ ಬಂದಿಲ್ಲ. ಮೊಹರು ಬೇಕಾದ್ರೆ ಹಾಕಿಕೊಡ್ತೀನಿ."

"ನನಗೆ ಹೊಲಿದುಕೊಟ್ಟ ಪರದೆ ಐದು ವರ್ಷ ಬರುತ್ತೆ ಅಂದಿದ್ದ ಸಾರ್," ಎಂದು ಜೀಪ್ನಿಯವನೂ ಸಾಕ್ಷಿಗೆ ಬಂದ.

ಬಾಗಿಲಲ್ಲಿ ಕೂತಿದ್ದ ಮುದುಕನ ಕಡೆ ಎಂಜಿನಿಯರು ನೆಮ್ಮದಿಯಿಂದ ತಿರುಗಿದ. "ನೀವು ಇವರ ಮಾವ ಅಲ್ವಾ? ನೀವೇನಂತೀರಿ?"

"ಇವನ ಮಾತು ನಾನು ನಂಬಿದ್ದು ಸೌದೆ ಸೀಳೋ ದಿನದ ತನಕ," ಎಂದ ಉಸ್ತಿಂಗ್.

ಪೆನ್ನು ಕಾರ್ಪೊನ ಕೈಗೆ ಬಂತು. ಅವನ ಜೀವಮಾನದಲ್ಲಿ ಇಷ್ಟು ಜನ, ಅದೂ ಸರ್ಕಾರದ ಕಾಗದ ಹಿಡಿದುಕೊಂಡು, ಒಂದು ಸುಳ್ಳು ಹೇಳಪ್ಪಾ ಎಂದು ಅವನನ್ನು ಬೇಡಿಕೊಂಡಿರಲಿಲ್ಲ. ಸುಳ್ಳು ಸಣ್ಣದು. ಹೇಳಿದರೆ ಓಣಿ ಉಳಿಯುತ್ತದೆ, ಎಂಜಿನಿಯರು ಉಳಿಯುತ್ತಾನೆ, ತಾನೂ ಉಳಿಯುತ್ತೇನೆ. ಅಕ್ಕಿ ಆರಿಸುತ್ತಿದ್ದ ಲುಮಿಂಗಳ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ.

"ಬರೆದುಕೊಡು," ಎಂದಳು ಮೆಲ್ಲಗೆ. "ನೀನು ಜೈಲಲ್ಲಿ ಕೂರೋದಕ್ಕಿಂತ ಅಪ್ಪ ನಗೋದೇ ಮೇಲು. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದ ಆ ದನಿಯನ್ನು ಕಾರ್ಪೊ ತಡೆದುಕೊಳ್ಳಲಾರದೆ ಹೋದ. ಪೆನ್ನನ್ನು ಎಂಜಿನಿಯರನ ಜೇಬಿಗೆ, ಉಳಿದ ಮೂರರ ಪಕ್ಕಕ್ಕೆ, ತಾನೇ ಸಿಕ್ಕಿಸಿದ.

"ಹೆಸರಿದೆ ಸಾರ್. ನಾನೇ ಹೊಲಿದೆ. ಕೆಂಪು ದಾರ. ಕೈ ಹೋಗಿಬಿಡ್ತು."

"ನೋಡಿದ್ರಾ ಸಾರ್, ಮತ್ತೆ ಸುಳ್ಳು," ಎಂದಳು ಪಿಲಾಂಗ್ ಗಾಬರಿಯಿಂದ.

ಉಸ್ತಿಂಗ್ ಬಾಗಿಲಿನಿಂದ ಎದ್ದ. ಅಳಿಯನ ಮುಖವನ್ನು, ಕೊಳ್ಳಲು ಬಂದವನು ಕೋಣದ ಹಲ್ಲು ನೋಡುವ ಹಾಗೆ, ಬಗ್ಗಿ ನೋಡಿದ.

"ಇಷ್ಟು ವರ್ಷದಲ್ಲಿ ಇವನು ತನಗೆ ನಷ್ಟ ಆಗೋ ಮಾತಾಡಿದ್ದು ನಾನು ಕೇಳಿಲ್ಲ," ಎಂದ. "ನಡೀರಿ ಸಾಹೇಬ್ರೆ, ನೋಡಿ ಬರೋಣ."

ಈ ಸಲ ಹೆಚ್ಚು ಕಾಯುವ ಕೆಲಸವಿರಲಿಲ್ಲ. ಎಂಜಿನಿಯರು ನಿಲ್ದಾಣದಿಂದ ಡಿಪೋಗೆ ಫೋನ್ ಮಾಡಿ ವಿಚಾರಿಸಿದ. ನಲವತ್ತೇಳು ಅರ್ಧ ಗಂಟೆಯಲ್ಲಿ ಬಂತು. ಎಂಜಿನಿಯರು, ಗಂಡ ಹೆಂಡಿರು, ಮುದುಕ ನಾಲ್ವರೇ ಹತ್ತಿದರು. ಟಾಫ್ಟ್ ಬೀದಿಯುದ್ದಕ್ಕೂ ಮಡಿಕೆಗಳು ತುಟಿ ಬಿಗಿದೇ ಇದ್ದವು. ಕಾರ್ಪೊ ಮಡಿಕೆಗಳನ್ನೂ ಮಾವನನ್ನೂ ಸರದಿಯಂತೆ ನೋಡುತ್ತಿದ್ದ. ಎಂಜಿನಿಯರನ ಮುಖದಲ್ಲಿ ಆಸೆ ಚಿಗುರುತ್ತಿತ್ತು.

"ಎಲ್ಲೂ ಕಾಣ್ತಿಲ್ವಲ್ಲ," ಎಂದ. ತುಸು ತಡೆದು, ಸುಳ್ಳು ಹೇಳಲು ಬಾರದ ಕಸುಬಿನವನಾದ್ದರಿಂದ, ಸೇರಿಸಿದ: "ಆದ್ರೆ ಇದು ನೇರ ಹಳಿ. ತಿದಿ ಬಿಚ್ಚಿಕೊಳ್ಳೋದು ತಿರುವಿನಲ್ಲಿ. ನದಿಗೆ ಮುಂಚೆ ಒಂದು ಬರುತ್ತೆ. ನೋಡಬೇಕಾದ್ರೆ ತಟ್ಟೆ ಮೇಲೇ ನಿಲ್ಲಬೇಕು."

ಉಸ್ತಿಂಗ್ ಆ ತಟ್ಟೆಯನ್ನು ನೋಡಿದ. ಅವನ ಕಣ್ಣ ಮುಂದೆ ಯಾವ ಎಡಗಾಲು ಸುಳಿಯಿತೋ ನಮಗೆ ತಿಳಿಯದು. ಒಂದು ಕೈ ಮಗಳ ಭುಜದ ಮೇಲಿಟ್ಟು, ಮಳೆಗಾಲದ ಗದ್ದೆಯಲ್ಲಿ ಆಳ ನೋಡಿ ಕಾಲಿಡುವ ಹಾಗೆ ಒಂದು ಪಾದ ಇಟ್ಟ. ಆಮೇಲೆ ಇನ್ನೊಂದು. ಉಕ್ಕು ಅವನನ್ನು ಹೊತ್ತುಕೊಂಡಿತು.

ತಿರುವು ಬಂತು. ಗದ್ದಲವಿಲ್ಲ, ಕುಲುಕಿಲ್ಲ. ಮುಂದಿನ ತುಂಡು ತನ್ನಷ್ಟಕ್ಕೆ ಪಕ್ಕಕ್ಕೆ ಹೊರಳಿತು. ಅಲ್ಲಿ ಕೂತ ಜನ ಕೂತಲ್ಲೇ ಕೂತು ಬೇರೊಂದು ದಿಕ್ಕಿಗೆ ಹೋಗತೊಡಗಿದರು. ಕಾಲಕೆಳಗಿನ ತಟ್ಟೆ ಮೆತ್ತಗೆ ತಿರುಗಿತು. ಒಂದು ಪಕ್ಕದ ಮಡಿಕೆಗಳು ಒಂದಕ್ಕೊಂದು ಅಪ್ಪಿಕೊಂಡವು. ಇನ್ನೊಂದು ಪಕ್ಕದಲ್ಲಿ ಅವು ನೆಲದಿಂದ ಸೂರಿನ ತನಕ, ದೊಡ್ಡ ಮೀನಿನ ಕಿವಿರು ಬಿಚ್ಚಿಕೊಳ್ಳುವ ಹಾಗೆ ಒಂದೊಂದಾಗಿ ಬಿಚ್ಚಿಕೊಂಡವು. ಅಲ್ಲಿ, ಎದೆಯ ಮಟ್ಟದಲ್ಲಿ, ಕಪ್ಪಿನ ನಡುವೆ ಕೆಂಪು.

ಉಸ್ತಿಂಗ್ ನಿಧಾನವಾಗಿ ಓದುವವನು. "ಕಾ... ರ್ಪೊ... ಲು..." ಎನ್ನುವಷ್ಟರಲ್ಲಿ ತಿರುವು ಮುಗಿದು ಮಡಿಕೆ ಮುಚ್ಚಿಕೊಂಡಿತು.

"ಇನ್ನೊಂದ್ಸಲ," ಎಂದ ಮುದುಕ.

ನದಿ ದಾಟಿ ಇಳಿದು ಅದೇ ರೈಲು ವಾಪಸಾಗುವ ತನಕ ಕಾದು ಹತ್ತಿದರು. ಎರಡನೆಯ ಸಲ 'ಮಿಂಗ್' ಆಯಿತು. ಲಿಬರ್ತಾದ್ ಪೂರ್ತಿಯಾಗಲು ಮತ್ತೂ ಎರಡು ಸಲ ಬೇಕಾಯಿತು. ಅಷ್ಟರಲ್ಲಿ ಲುಮಿಂಗ್ ಸೆರಗಿಲ್ಲದ ತನ್ನ ಉಡುಪಿನಲ್ಲಿ ಕಣ್ಣೊರೆಸಲು ಏನೂ ಸಿಗದೆ ಗಂಡನ ಟೋಪಿಯನ್ನೇ ಕಿತ್ತುಕೊಂಡಿದ್ದಳು. ಓದಿ ಮುಗಿದ ಮೇಲೂ ಉಸ್ತಿಂಗ್ ತಟ್ಟೆ ಬಿಟ್ಟು ಇಳಿಯಲಿಲ್ಲ. ಐದನೆಯ ಸಲ ಅವನು ಹೆಸರಿನ ಕಡೆ ನೋಡಲೇ ಇಲ್ಲ. ತನ್ನ ಪಾದಗಳನ್ನೇ ನೋಡುತ್ತಿದ್ದ, ಎರಡೂ ಇದ್ದವು.

"ಗದ್ದೆ ಮೂಲೆಯಲ್ಲಿ ನೇಗಿಲು ತಿರುಗಿಸೋವಾಗ ಕೋಣದ ಸೊಂಟ ಹಿಂಗೇ ಬಾಗುತ್ತೆ," ಎಂದ ತನಗೇ ಹೇಳಿಕೊಳ್ಳುವ ಹಾಗೆ. "ಪಕ್ಕೆ ಚರ್ಮ ಹಿಂಗೇ ಬಿಚ್ಚಿ ಮುಚ್ಚುತ್ತೆ. ಇದನ್ನ ಮಾಡಿದವರು ಕೋಣ ನೋಡಿದವರೇ ಇರಬೇಕು."

ಹೆಸರು ಬಿಚ್ಚಿ ತೆಗೆಯಿರಿ ಎಂದು ಎಂಜಿನಿಯರು ಕೇಳಿದ. ತೆಗೆದರೆ ಸೂಜಿಯ ತೂತು ಉಳಿದು ನೀರು ಒಳಗೆ ಬರುತ್ತದೆ ಎಂದ ಕಾರ್ಪೊ. ಎಂಜಿನಿಯರು ಬಹಳ ಹೊತ್ತು ಯೋಚಿಸಿದ. ಮಾರನೆಯ ದಿನ ಡಿಪೋದಲ್ಲಿ ನಲವತ್ತೇಳನ್ನು ನೇರ ಹಳಿಯ ಮೇಲೆ ನಿಲ್ಲಿಸಿ ಕ್ರಮವಾಗಿ ತಪಾಸಣೆ ನಡೆಯಿತು. 'ನಿಂತಿರುವ ಬೋಗಿಯನ್ನು ಕೂಲಂಕಷವಾಗಿ ಪರೀಕ್ಷಿಸಲಾಗಿ ಯಾವ ಹೆಸರೂ ಕಂಡುಬರಲಿಲ್ಲ' ಎಂದು ವರದಿಯಾಯಿತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾರೂ ಕೇಳದಿದ್ದರೂ ಕಪಿತಾನ್ ಮೊಹರು ಹಾಕಿಕೊಟ್ಟ.

ಉಸ್ತಿಂಗ್ ಹಳ್ಳಿಗೆ ಹೋದ. ಮೂರು ವಾರದ ಮೇಲೆ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಾಫಿಬೀಜದ ಜೊತೆ ಅಳಿಯನ ಹೆಸರಿಗೇ ಒಂದು ಚೀಟಿ ಬಂತು. "ಇಲ್ಲಿ ಯಾರೂ ನಂಬುತ್ತಿಲ್ಲ. ಬೋಗಿಗಳ ಸಂದಿಯಲ್ಲಿ ನಿಂತು ಬಂದೆ ಎಂದರೆ ನಗುತ್ತಾರೆ. ನಿನ್ನ ಗಾಳಿ ನನಗೆ ಬಡಿದಿದೆ ಎನ್ನುತ್ತಾರೆ. ಬಂದು ಸಾಕ್ಷಿ ಹೇಳು."

ಕಾರ್ಪೊ ಅಂಗಡಿ ಮುಚ್ಚಿ ಹೆಂಡತಿಯೊಡನೆ ಹೊರಟ. ಹಳ್ಳಿಯಲ್ಲಿ ಮಾವನ ಮನೆಯ ಮುಂದೆ, ಮಾವಿನ ಮರದ ಕೆಳಗೆ, ಕಬ್ಬಿನ ರೈಲಿನಲ್ಲಿ ಬೆನ್ನು ಸವೆಸಿದ ಇಪ್ಪತ್ತು ಮೂವತ್ತು ಮುದುಕರು ಬೆಂಚು ಹಾಕಿಕೊಂಡು ಕೂತಿದ್ದರು. ಕಾರ್ಪೊ ಎದ್ದು ನಿಂತು, ಬದುಕಿನಲ್ಲಿ ಮೊದಲ ಬಾರಿ ಕತ್ತರಿ ಹಿಡಿದು ಮಾತಾಡಿದ. ಹರಿದದ್ದು ಒಂದು ಗೇಣು. ಬೋಗಿ ಮೂರು ತುಂಡು. ಕೀಲಿನಲ್ಲಿ ಇಂಥಿಂಥ ತಟ್ಟೆ. ತಿರುವಿನಲ್ಲಿ ಹೀಗೆ ಹೀಗೆ ಬಾಗುತ್ತದೆ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಹೇಳಿ ಕೂತ.

ಒಬ್ಬ ವೀಳ್ಯದ ರಸ ಉಗಿದು, "ಇಷ್ಟೇನಾ?" ಎಂದ. "ಮೂರು ತುಂಡು ಯಾವ ಮಹಾ?"

ಉಸ್ತಿಂಗನ ಮುಖ ಕೆಂಪಗಾಯಿತು. ಕಂಡದ್ದು ಅಷ್ಟು ದೊಡ್ಡದು, ಹೇಳಿದಾಗ ಇಷ್ಟು ಸಣ್ಣದಾಯಿತಲ್ಲ ಎಂದು ಅವನ ಕೈ ಬೆಂಚನ್ನು ಹಿಸುಕಿತು. ಎಪ್ಪತ್ತು ವರ್ಷ ಇದ್ದದ್ದನ್ನು ಇದ್ದ ಹಾಗೆ ಆಡಿದ ಮನುಷ್ಯ ಎದ್ದು ನಿಂತ.

"ಇವನು ಸಂಕೋಚದವನು, ಕಮ್ಮಿ ಹೇಳ್ತಾನೆ," ಎಂದ. "ಮೂರಲ್ಲ, ಒಂಬತ್ತು ತುಂಡು. ಹೆಸರು ನನ್ನಷ್ಟು ಎತ್ತರ. ನದಿ ಹತ್ತಿರ ಆ ರೈಲು ತಿರುಗೋವಾಗ ಮುಂದೆ ಕೂತವನು ಹಿಂದೆ ಕೂತವನ ಬೀಡಿಗೆ ಬೆಂಕಿ ಹಚ್ಚಬಹುದು."

ಎಲ್ಲರ ಕಣ್ಣೂ ಕಾರ್ಪೊನ ಕಡೆ ಹೊರಳಿತು. ಲುಮಿಂಗ್ ಬಾಗಿಲಲ್ಲಿ ಕೈಯಲ್ಲಿದ್ದ ತಟ್ಟೆ ಹಿಡಿದು ಹಾಗೆಯೇ ನಿಂತಿದ್ದಳು.

"ಅಲ್ವೇನಯ್ಯಾ?" ಎಂದ ಮಾವ, ಅಳಿಯನ ಮುಖವನ್ನೇ ನೋಡುತ್ತ.

ಕಾರ್ಪೊ ಎದ್ದು ಟೋಪಿ ತೆಗೆದ.

"ಹೌದು ತಾತಾಯ್," ಎಂದ. "ಒಂಬತ್ತೇ. ನಾನು ಎಣಿಸಿದೀನಿ."